ತುಳಿದು ಕಣ್ಣಿಗೊತ್ತಿಕೊಂಡ ಬೂಸ್ಟ್ ಪೆಡಲ್

ನಮ್ಮ ಮನೆಯ ದೇವರ ಗೂಡಿನ ಕೆಳಗಿನ ಕಪಾಟಿನಲ್ಲಿ ಒಂದು ಪುಟ್ಟ ಲೋಹದ ಡಬ್ಬಿ ಇದೆ. ಸೋಪಿನ ಡಬ್ಬಿಗಿಂತ ಒಂಚೂರು ದೊಡ್ಡದು, ತೂಕದಲ್ಲಿ ಮಾತ್ರ ಅರ್ಧ ಇಟ್ಟಿಗೆ. ಮೈಯೆಲ್ಲ ಹಸಿರು ಬಣ್ಣ, ಮೇಲೊಂದು ತಿರುಗಿಸುವ ಗುಂಡಿ, ಅದರ ಕೆಳಗೆ ಕಾಲಲ್ಲಿ ಒತ್ತುವ ಉಕ್ಕಿನ ಸ್ವಿಚ್ಚು. ಮೊನ್ನೆ ಭಾನುವಾರ ಆ ಗುಂಡಿ ತಿರುಗಿಸಿದರೆ ಒಳಗೆ ಕರಕರ ಅಂದಿತು. ರಿಪೇರಿಯವನ ಹತ್ತಿರ ಒಯ್ದೆ. ಅವನು ಬಿಚ್ಚಿ ನೋಡಿ, "ಏನ್ ಸಾರ್ ಇದು, ಒಳಗೆ ಕುಂಕುಮ ಐತೆ" ಎಂದು ನನ್ನ ಮುಖ ನೋಡಿದ. ನಾನು ಏನೂ ಅರಿಯದವನ ಹಾಗೆ ರಸ್ತೆಯ ಕಡೆ ನೋಡುತ್ತಾ ನಿಂತೆ. ಆ ಕುಂಕುಮದ ಕಥೆ ಕೇಳುವ ಪುರುಸೊತ್ತು ಅವನಿಗಿರಲಿಲ್ಲ. ನಿಮಗಿದ್ದರೆ ಹೇಳುತ್ತೇನೆ.

ಇದರ ಹೆಸರು ಬೂಸ್ಟ್ ಪೆಡಲ್. ಹೆಸರು ಕೇಳಿ ಹಾಲಿಗೆ ಬೆರೆಸುವ ಪುಡಿ ನೆನಪಾದರೆ ತಪ್ಪು ನಿಮ್ಮದಲ್ಲ, ನಮ್ಮವ್ವನಿಗೂ ಅದೇ ನೆನಪಾಗಿತ್ತು. ಗಿಟಾರಿನಿಂದ ಹೊರಟ ವೈರು ಸೀದಾ ಸ್ಪೀಕರಿಗೆ ಹೋಗದೆ ಈ ಡಬ್ಬಿಯನ್ನು ಹಾದು ಹೋಗುತ್ತದೆ. ಒಂದು ಸಲ ತುಳಿದರೆ ಗಿಟಾರಿನ ದನಿ ಮಿಕ್ಕ ವಾದ್ಯಗಳ ಗದ್ದಲದಿಂದ ಎದ್ದು ಮುಂದೆ ಬರುತ್ತದೆ. ಇನ್ನೊಂದು ಸಲ ತುಳಿದರೆ ಮತ್ತೆ ತನ್ನ ಜಾಗದಲ್ಲಿ ಹೋಗಿ ಕೂರುತ್ತದೆ. ಇಷ್ಟೇ ಇದರ ಕೆಲಸ. ಇಷ್ಟು ಸಣ್ಣ ಕೆಲಸದ ಸುತ್ತ ನಾನು ಎಷ್ಟೆಲ್ಲ ಪೇಚಾಡಿದೆ ಎನ್ನುವುದು ಮಾತ್ರ ಸಣ್ಣ ವಿಷಯವಲ್ಲ.

ಹೊಟ್ಟೆಪಾಡಿಗೆ ನಾನು ಕೈಲಾಂಚದ ಕಡೆಯ ನಮ್ಮೂರಿನ ಡೇರಿಯಲ್ಲಿ ಹಾಲಿನ ಫ್ಯಾಟ್ ನೋಡುವವನು. ಬೆಳಿಗ್ಗೆ ಒಂದು ಸರದಿ, ಸಂಜೆ ಒಂದು ಸರದಿ. ಮಿಕ್ಕ ಹೊತ್ತಿನಲ್ಲಿ ಗಿಟಾರಿಸ್ಟ್. ಮದುವೆ, ನಾಮಕರಣ, ಬೀಗರೂಟ, ಎಲ್ಲಿ ಕರೆದರೂ ನಮ್ಮ ಆರ್ಕೆಸ್ಟ್ರಾ ಹೊರಡುತ್ತದೆ. ರಾಮನಗರದಿಂದ ಮಾಗಡಿಗೆ, ಕನಕಪುರದಿಂದ ಚನ್ನಪಟ್ಟಣಕ್ಕೆ ನಾನು ಗಿಟಾರು ಬೆನ್ನಿಗೆ ಹಾಕಿಕೊಂಡು ಬೈಕಿನಲ್ಲಿ ಓಡಾಡಿದ್ದೇನೆ. ದಾರಿಯಲ್ಲಿ ಕಂಡವರು ಕೈ ಎತ್ತಿ, "ಚಂದ್ರಣ್ಣ, ಇವತ್ತು ಸಂಜೆ ಹಾಲು ಹಾಕಸ್ಕೊಳಕ್ಕೆ ಇರ್ತೀರ ತಾನೆ?" ಎಂದು ಕೇಳಿದ್ದಾರೆಯೇ ಹೊರತು ಗಿಟಾರಿನ ಬಗ್ಗೆ ಒಬ್ಬರೂ ಒಂದು ಮಾತು ಕೇಳಿದವರಲ್ಲ.

ನನ್ನ ಸಂಗೀತದ ಪಾಠ ಶುರುವಾದದ್ದು ಅವ್ವನ ಹೊಲಿಗೆ ಮಿಷನ್ನಿನ ಬುಡದಲ್ಲಿ. ಅವ್ವ ಊರಿಗೆಲ್ಲ ರವಿಕೆ ಹೊಲಿಯುವವಳು. ಅವಳದು ಕಾಲು ಮಿಷನ್ನು. ನಾನು ಪಕ್ಕದಲ್ಲಿ ಕೂತು, ಕೆಳಗೆ ಬೀಳುವ ಬಟ್ಟೆ ಚೂರುಗಳನ್ನು ಬಣ್ಣದ ಪ್ರಕಾರ ಬೇರೆ ಮಾಡುತ್ತಾ ಆ ಸದ್ದು ಕೇಳುತ್ತಿದ್ದೆ. ನೇರ ಹೊಲಿಗೆಗೆ ಒಂದು ತಾಳ, ತೋಳಿನ ತಿರುವಿಗೆ ಬಂದಾಗ ನಿಧಾನ, ಕೊನೆಗೆ ದಾರ ಕತ್ತರಿಸುವ ಮುಂಚೆ ಎರಡು ಹೆಜ್ಜೆ ಹಿಂದಕ್ಕೆ. ಹಿಂದಿನ ಕೋಣೆಯಲ್ಲಿ ಕೂತು ಕೇಳಿದರೂ ಅವ್ವ ಈಗ ತೋಳಿಗೆ ಬಂದಿದ್ದಾಳೋ ಕೊರಳಿಗೆ ಬಂದಿದ್ದಾಳೋ ನನಗೆ ಗೊತ್ತಾಗುತ್ತಿತ್ತು. ಎಸ್ಸೆಸ್ಸೆಲ್ಸಿ ರಜೆಯಲ್ಲಿ ಸೋದರಮಾವನ ಮನೆಯ ಅಟ್ಟದಲ್ಲಿ ಐದೇ ತಂತಿಯ ಗಿಟಾರು ಸಿಕ್ಕಿತು. ಆರನೆಯ ತಂತಿ ಬೇಕು ಅಂತಲೂ ನನಗೆ ಒಂದು ವರ್ಷ ತಿಳಿದಿರಲಿಲ್ಲ. ಬೆರಳು ಬೊಬ್ಬೆ ಎದ್ದಾಗ ಅವ್ವ ತನ್ನ ತೋರುಬೆರಳು ತೋರಿಸಿದಳು. ಸೂಜಿ ಚುಚ್ಚಿ ಚುಚ್ಚಿ ಅದು ಹುಣಸೆ ಬೀಜದ ಹಾಗೆ ಗಟ್ಟಿಯಾಗಿತ್ತು. "ಇಂಗಾಗೋಗಂಟ ಬುಡಬ್ಯಾಡ" ಅಂದಳು. ನಾನು ಬಿಡಲಿಲ್ಲ.

ಆದರೆ ಅವ್ವ ನನ್ನ ಕಾರ್ಯಕ್ರಮಕ್ಕೆ ಬಂದವಳಲ್ಲ. ಮದುವೆಯ ಕಾಲ ಅಂದರೆ ರವಿಕೆಯ ಕಾಲ. ನಾನು ಸ್ಟೇಜಿನ ಮೇಲಿದ್ದಾಗಲೆಲ್ಲ ಅವಳು ಮಿಷನ್ನಿನ ಮುಂದೆ ಇರುತ್ತಿದ್ದಳು. ಕೊನೆಗೆ ನಾನು ಆರ್ಕೆಸ್ಟ್ರಾ ಸೇರಿ ಹದಿನೈದು ವರ್ಷವಾದ ಮೇಲೆ, ರಾಮನಗರದಲ್ಲಿ ಪಕ್ಕದ ಮನೆಯವರ ಮಗಳ ಆರತಕ್ಷತೆಗೆ ಬಂದಳು. ಮುಂದಿನ ಸಾಲಿನಲ್ಲಿ ಸೆರಗು ಹೊದ್ದು ಕೂತಳು. ನಾನು ಅಂದು ಜೀವ ತೇದು ಬಾರಿಸಿದೆ. ಮನೆಗೆ ಬಂದು ಕಾಲು ತೊಳೆದುಕೊಳ್ಳುವಾಗ ಅವ್ವ ಮೆಲ್ಲಗೆ ಕೇಳಿದಳು.

"ಅದ್ಸರಿ ಮಗಾ, ನೀನ್ ಬಾರ್ಸುದ್ದು ಯಾವ್ದು?"

ಕುಹಕವಿಲ್ಲ, ತಮಾಷೆಯಿಲ್ಲ. ನಿಜವಾಗಿಯೂ ಕೇಳಿದಳು. ನಾನು ಅದು ಹೀಗೆ, ಇದು ಹಾಗೆ ಎಂದು ಬಾಯಲ್ಲಿ ಟಣ್ ಟಣ್ ಮಾಡಿ ತೋರಿಸಿದೆ. ಪಾಪ, ನನಗೆ ಬೇಜಾರಾಗಬಾರದು ಅಂತ, "ಊಂ, ಕೇಳುಸ್ತು ಬುಡು" ಎಂದಳು. ಎರಡು ವಾರ ಬಿಟ್ಟು ಚನ್ನಪಟ್ಟಣದ ನಾಮಕರಣಕ್ಕೆ ತಾನಾಗಿಯೇ ಬಂದಳು. ಈ ಸಲ ಕಿವಿ ನಿಮಿರಿಸಿ ಕೂತಿದ್ದಳು. ವಾಪಸ್ ಬರುವಾಗ ಬೈಕಿನ ಹಿಂದಿನಿಂದ ಬಲು ಸಂತೋಷದಲ್ಲಿ ಹೇಳಿದಳು: "ಇವತ್ತು ಗೊತ್ತಾಯ್ತು ಕಣ್ಲಾ. ಆ ಕೊಳಲಿನಂಗೆ ಬಂತಲ್ಲ, ಅದು ಬಲೇ ಚೆನ್ನಾಗಿತ್ತು." ಕೊಳಲಿನಂತೆ ಬಂದದ್ದು ಕೀಬೋರ್ಡು. ನಾನು ಹೂಂ ಅಂದೆ. ಅಂದು ನನಗೆ ಆದಷ್ಟು ದುಃಖ ಫಸ್ಟ್ ಪಿಯುಸಿಯಲ್ಲಿ ಫೇಲಾದಾಗಲೂ ಆಗಿರಲಿಲ್ಲ. ಲೋಕವೆಲ್ಲ ಕೇಳದಿದ್ದರೆ ಹೋಗಲಿ, ಅವ್ವನಿಗೆ ಒಂದು ಸಲ ನನ್ನ ಗಿಟಾರು ಕೇಳಿಸಬೇಕು ಎಂದು ಅವತ್ತೇ ಹಟ ಹತ್ತಿತು.

ತಪ್ಪು ಅವಳ ಕಿವಿಯದಲ್ಲ. ಆರ್ಕೆಸ್ಟ್ರಾದಲ್ಲಿ ಕೀಬೋರ್ಡಿನವನು ಕೊಳಲು, ವೀಣೆ, ಪಿಟೀಲು, ಶಹನಾಯಿ ಎಲ್ಲವನ್ನೂ ಒಬ್ಬನೇ ಬಾರಿಸುತ್ತಾನೆ. ರಿದಂ ಪ್ಯಾಡಿನವನು ಎದೆ ನಡುಗಿಸುತ್ತಾನೆ. ಇವರ ಮೇಲೆ ನಮ್ಮ ಯಜಮಾನರೂ ಗಾಯಕರೂ ಆದ ಪುಟ್ಟಸ್ವಾಮಣ್ಣನ ಗಂಟಲು. ಪಲ್ಲವಿ ಮುಗಿದು ಚರಣ ಶುರುವಾಗುವ ಮುಂಚೆ ನಾಲ್ಕು ಸಾಲು ಗಿಟಾರಿಗೆ ಅಂತ ಬಿಟ್ಟಿರುತ್ತಾರೆ. ಅದನ್ನೇ ಸೋಲೋ ಅನ್ನುವುದು. ನಾನು ಕಣ್ಣು ಮುಚ್ಚಿ ತನ್ಮಯನಾಗಿ ಬಾರಿಸಿ ಕಣ್ಣು ಬಿಟ್ಟರೆ, ಜನ ಮದುಮಕ್ಕಳ ಜೊತೆ ಫೋಟೋಕ್ಕೆ ಸಾಲು ನಿಂತಿರುತ್ತಿದ್ದರು.

ಆಗ ಬೆಂಗಳೂರಿನ ಅಂಗಡಿಯಿಂದ ಈ ಹಸಿರು ಡಬ್ಬಿ ತಂದೆ. ತಂದ ದಿನ ಅದನ್ನು ಆನ್ ಮಾಡಿದವನು ಆಫ್ ಮಾಡಲೇ ಇಲ್ಲ. ಹದಿನೈದು ವರ್ಷದ ಹಸಿವು ನೋಡಿ. ಇಡೀ ಹಾಡಿಗೆ ಗಿಟಾರು ಜೋರು. ನಮ್ಮ ಸೌಂಡ್ ಸಿಸ್ಟಂ ನೋಡಿಕೊಳ್ಳುವವರು ಚನ್ನಪಟ್ಟಣದ ಮುನೀರಣ್ಣ. ಅವರ ಮುಂದೆ ಒಂದು ಮಿಕ್ಸರು, ಅದರಲ್ಲಿ ಪ್ರತಿ ವಾದ್ಯಕ್ಕೂ ಏರಿಸಿ ಇಳಿಸುವ ಒಂದೊಂದು ಪಟ್ಟಿ. ಅವರು ನನ್ನ ಪಟ್ಟಿಯನ್ನು ಬುಡದವರೆಗೆ ಇಳಿಸಿಬಿಟ್ಟರು. ಮೊದಲು ಕೇಳುತ್ತಿದ್ದದ್ದೂ ಹೋಯಿತು. ಕಾರ್ಯಕ್ರಮ ಮುಗಿದ ಮೇಲೆ ಜಗಳಕ್ಕೆ ಹೋದೆ.

ಮುನೀರಣ್ಣ ವೈರು ಸುತ್ತುತ್ತಾ ಹೇಳಿದರು: "ನೋಡು ಚಂದ್ರು, ನೀನು ಯಾವಾಗ್ಲೂ ಜೋರಾಗೇ ಇದ್ರೆ ಯಾರ್ ಕೇಳ್ತಾರೆ? ಹಾಡು ನಡೆಯೋವಾಗ ಒಸಿ ಸುಮ್ನಿರು. ಎಲ್ಲಾರ್ಗಿಂತ ಕಮ್ಮಿ ಇರು. ನಿನ್ ಸರದಿ ಬಂದಾಗ ತುಳಿ. ಆವಾಗ ನಾನು ನಿನ್ ಪಟ್ಟಿ ಮೇಲೆ ಕೈ ಇಡಲ್ಲ, ಮಾತು ಕೊಡ್ತೀನಿ."

ಹೀಗೆ ಒಪ್ಪಂದವಾಯಿತು. ಆದರೆ ನಿಜವಾದ ತೊಂದರೆ ಬಂದದ್ದು ಪುಟ್ಟಸ್ವಾಮಣ್ಣನಿಂದ. ಅವರದು ಶಾಸ್ತ್ರದ ಜೀವ. ಸ್ಟೇಜಿಗೆ ಚಪ್ಪಲಿ ತರುವಂತಿಲ್ಲ. ಪ್ರತಿ ವಾದ್ಯಕ್ಕೂ ಊದುಬತ್ತಿ ಬೆಳಗದೆ ಮೊದಲ ಹಾಡಿಲ್ಲ. ಯಾರದಾದರೂ ಕಾಲು ಅಕಸ್ಮಾತ್ ಡೋಲಕ್ಕಿಗೆ ತಗುಲಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ನಾವೆಲ್ಲ ಹಾಗೆ ಮಾಡಿಕೊಂಡು ಬಂದವರೇ. ಪುಸ್ತಕಕ್ಕೆ ಕಾಲು ತಾಕಿದರೆ ಈಗಲೂ ನನ್ನ ಕೈ ತಾನಾಗಿ ಕಣ್ಣಿಗೆ ಹೋಗುತ್ತದೆ. ಅಂಥವರ ಎದುರು ನಾನು ಬರಿಗಾಲೆತ್ತಿ ಪೆಡಲಿನ ಮೇಲಿಟ್ಟೆ. ಪುಟ್ಟಸ್ವಾಮಣ್ಣ ಹಾಡುವುದನ್ನೇ ನಿಲ್ಲಿಸಿದರು.

"ಏನ್ಲಾ ಅದು ಕಾಲಡೀಲಿ?"

"ಗಿಟಾರಿಂದು ಕಣಣ್ಣ."

"ಗಿಟಾರಿಂದು ಅಂದ್ರೆ ಗಿಟಾರೇ ಅಲ್ವೇನ್ಲಾ? ಸರಸ್ವತೀನ ತುಳೀತಿಯಾ? ತುಳುದ್ರೆ ಬಗ್ಗಿ ಕಣ್ಗೊತ್ಕೋ. ಇಲ್ದಿದ್ರೆ ಅದ ಸ್ಟೇಜ್ ಮ್ಯಾಕೆ ತರ್ಬ್ಯಾಡ."

ನನಗೂ ಒಳಗೊಳಗೆ ಅಳುಕಿತ್ತು, ಸುಳ್ಳೇಕೆ ಹೇಳಲಿ. ಹೂಂ ಅಂದೆ. ಅಂದಿನಿಂದ ನನ್ನ ಸೋಲೋ ನಡೆಯುತ್ತಿದ್ದದ್ದು ಹೀಗೆ. ಪಲ್ಲವಿ ಮುಗಿಯುತ್ತದೆ. ತುಳಿಯುತ್ತೇನೆ. ಬಗ್ಗುತ್ತೇನೆ. ಪೆಡಲು ಮುಟ್ಟಿ, ಬಲಗಣ್ಣಿಗೆ ಒಂದು ಸಲ, ಎಡಗಣ್ಣಿಗೆ ಒಂದು ಸಲ ಒತ್ತಿಕೊಳ್ಳುತ್ತೇನೆ. ಎದ್ದು ನಿಂತು ಗಿಟಾರು ಸರಿಮಾಡಿಕೊಳ್ಳುವಷ್ಟರಲ್ಲಿ ನಾಲ್ಕು ಸಾಲಿನಲ್ಲಿ ಮೂರು ಹೋಗಿರುತ್ತವೆ. ಉಳಿದ ಒಂದು ಸಾಲನ್ನು ಗಡಿಬಿಡಿಯಲ್ಲಿ ಬಾರಿಸಿ, ಮತ್ತೆ ತುಳಿದು ಆಫ್ ಮಾಡಿ, ಮತ್ತೆ ಬಗ್ಗುತ್ತೇನೆ.

ಕಬ್ಬಾಳಿನಲ್ಲಿ ಇದು ಒಂದು ಘಟ್ಟ ಮುಟ್ಟಿತು. ದೇವಸ್ಥಾನದ ಹತ್ತಿರವೇ ಯಾರದೋ ಹರಕೆಯ ಊಟ, ಅಲ್ಲಿ ನಮ್ಮ ಹಾಡು. ನನ್ನ ಮುಖ ಸರಿಯಾಗಿ ಅಮ್ಮನ ಗುಡಿಯ ಕಡೆಗಿತ್ತು. ಹಾಡು ಹಾಡಿಗೆ ನಾನು ಬಗ್ಗಿ ಕಣ್ಣಿಗೊತ್ತಿಕೊಳ್ಳುವುದನ್ನು ನೋಡಿ ಜನ ಮಾತು ನಿಲ್ಲಿಸಿದರು. ಮೂರನೆಯ ಸಲಕ್ಕೆ ಮುಂದಿನ ಸಾಲಿನ ಹಿರಿಯರು ತಾವೂ ಕೈ ಮುಗಿದರು. ಕೊನೆಗೆ ಒಬ್ಬ ಅಜ್ಜಿ ಸ್ಟೇಜ್ ಹತ್ತಿ ಬಂದು, "ಎಂಥಾ ಭಕ್ತಿ ನನ್ನಪ್ಪ" ಎಂದು ನನ್ನ ಹಣೆಗೆ ಅಂಗೈ ಅಗಲ ಕುಂಕುಮ ಬಳಿದು ಹೋದರು. ಸೋಲೋ ಬಗ್ಗೆ ಒಬ್ಬರೂ ಉಸಿರೆತ್ತಲಿಲ್ಲ. ಆ ಕಡೆಯ ಊರುಗಳಲ್ಲಿ ನಾನು ಈಗಲೂ ಭಕ್ತ ಗಿಟಾರಿಸ್ಟ್ ಎಂದೇ ಪ್ರಸಿದ್ಧ.

ಪುಟ್ಟಸ್ವಾಮಣ್ಣನೇ ಮನಸ್ಸು ಕರಗಿ ಒಂದು ದಾರಿ ಹುಡುಕಿದರು. ಪೆಡಲನ್ನು ಸ್ಟೂಲಿನ ಮೇಲಿಟ್ಟು, ತಾವೇ ಕೈಯಲ್ಲಿ ಒತ್ತುತ್ತೇನೆ ಎಂದರು. ಒತ್ತಿದರು ಕೂಡ. ಆದರೆ ಸೋಲೋ ಮುಗಿದ ಮೇಲೆ ಇನ್ನೊಂದು ಸಲ ಒತ್ತಬೇಕಲ್ಲ, ಅದನ್ನು ಮರೆತು ಚರಣಕ್ಕೆ ಹೋಗಿಬಿಟ್ಟರು. ಅವರ ಚರಣದ ಮೇಲೆ ನನ್ನ ಗಿಟಾರು ಕುಣಿಯಿತು. ಕಣ್ಣಲ್ಲೇ ನನ್ನನ್ನು ಸುಟ್ಟರು. ಸ್ಟೂಲಿನ ಉಪಾಯ ಅಲ್ಲಿಗೆ ಮುಗಿಯಿತು.

ಅಷ್ಟರಲ್ಲಿ ಬೈರಾಪಟ್ಟಣದಿಂದ ಬೀಗರೂಟದ ಕರೆ ಬಂತು. ನಮ್ಮ ಸೋದರಮಾವನ ಮಗಳ ಮದುವೆಯದು. ಆರ್ಕೆಸ್ಟ್ರಾ ನಮ್ಮದೇ, ನೆಂಟರೂ ನಮ್ಮವರೇ, ಅವ್ವ ಬರುವುದು ಖಂಡಿತ. ಹಿಂದಿನ ದಿನ ಮಧ್ಯಾಹ್ನ ಅವಳು ಕೊನೆಯ ರವಿಕೆ ಹೊಲಿಯುತ್ತಿದ್ದಾಗ ನಾನು ಪಕ್ಕದಲ್ಲಿ ಕೂತು ನನ್ನ ಗೋಳು ಹೇಳಿಕೊಂಡೆ. ಪೆಡಲು, ಪುಟ್ಟಸ್ವಾಮಣ್ಣ, ಕಣ್ಣಿಗೊತ್ತಿಕೊಳ್ಳುವುದು, ಹಾಳಾಗುವ ಮೂರು ಸಾಲು, ಎಲ್ಲವನ್ನೂ. ಅವಳು ಕಾಲು ನಿಲ್ಲಿಸಿ ನನ್ನನ್ನೇ ನೋಡಿದಳು.

"ನಾನು ಇದ್ನ ಎಷ್ಟ್ ವರ್ಷದಿಂದ ತುಳೀತಿವ್ನಿ?"

"ನಾನು ಹುಟ್ಟೋಕ್ ಮುಂಚಿಂದ ಕಣವ್ವ."

"ಬೆಳಗೆದ್ದು ಇದ್ಕೊಂದು ಕೈ ಮುಗೀತೀನಿ. ಆಮ್ಯಾಕೆ ಸಂಜೆಗಂಟ ತುಳೀತೀನಿ. ಒಂದೊಂದ್ ಹೊಲ್ಗೆಗೂ ಬಗ್ಗಿ ಕಣ್ಗೊತ್ಕೊಂಡು ಕೂತಿದ್ರೆ ರವಿಕೆ ಯಾವತ್ ಮುಗ್ಯಾದು? ತುಳ್ಯಾಕೆ ಅಂತ ಮಾಡಿರೋದ ತುಳೀದೆ ಇರೋದೇ ಪಾಪ ಕಣ್ಲಾ."

ಇಷ್ಟು ಹೇಳಿ ಮತ್ತೆ ತುಳಿಯತೊಡಗಿದಳು. ಆ ಮಿಷನ್ನಿನ ಬುಡದಲ್ಲೇ ಬೆಳೆದವನಿಗೆ ಇಷ್ಟು ಸರಳವಾದ ಮಾತು ಹೊಳೆಯಲಿಲ್ಲವಲ್ಲ ಎಂದು ನನಗೆ ನಾಚಿಕೆಯಾಯಿತು.

ಮರುದಿನ ಬೈರಾಪಟ್ಟಣದಲ್ಲಿ ಅವ್ವ ನೆಂಟರನ್ನು ಮಾತಾಡಿಸುವ ಮೊದಲೇ ಸ್ಟೇಜ್ ಹತ್ತಿದಳು. ಪರ್ಸಿನಿಂದ ಕುಂಕುಮದ ಪೊಟ್ಟಣ ತೆಗೆದು ಪೆಡಲಿಗೆ ಧಾರಾಳವಾಗಿ ಇಟ್ಟಳು. ಎಷ್ಟು ಧಾರಾಳವೆಂದರೆ ಗುಂಡಿಯ ಸಂದಿಗೆಲ್ಲ ಇಳಿಯಿತು. ಕೈ ಮುಗಿದಳು, ನನ್ನಿಂದಲೂ ಮುಗಿಸಿದಳು. ಆಮೇಲೆ ಪುಟ್ಟಸ್ವಾಮಣ್ಣನ ಕಡೆ ತಿರುಗಿ, "ಪುಟ್ಟಸ್ವಾಮಪ್ಪ, ಇವತ್ತಿಂದು ಕೈ ಮುಗ್ಯಾದು ಆಯ್ತು. ಇನ್ನು ಅವನ್ನ ಬಗ್ಗುಸ್ಬ್ಯಾಡ" ಎಂದಳು. ಪುಟ್ಟಸ್ವಾಮಣ್ಣ ಪೆಡಲು ನೋಡಿದರು, ಕುಂಕುಮ ನೋಡಿದರು. ಶಾಸ್ತ್ರಕ್ಕೆ ಎಲ್ಲೂ ಕುಂದು ಕಾಣಲಿಲ್ಲ. "ಆಗ್ಲಿ ಬುಡಕ್ಕ, ನೀನ್ ಹೇಳುದ್ ಮ್ಯಾಲೆ" ಎಂದು ಮೈಕು ಹಿಡಿದರು.

ನಮ್ಮ ಕಡೆಯ ಬೀಗರೂಟ ನೋಡಿದವರಿಗೆ ಗೊತ್ತು. ಅಲ್ಲಿ ಹಾಡು ಕೇಳಲು ಬಂದವರು ಯಾರೂ ಇರುವುದಿಲ್ಲ. ಮುದ್ದೆ, ಮಟನ್ ಸಾರು, ಬೋಟಿ ಗೊಜ್ಜು, ಚಾಪ್ಸು. ಪಂಕ್ತಿಯಲ್ಲಿ ಕೂತು ತಿನ್ನುತ್ತಿರುವವನ ಕುರ್ಚಿ ಹಿಡಿದುಕೊಂಡು ಮುಂದಿನ ಪಂಕ್ತಿಯವನು ಹಿಂದೆಯೇ ನಿಂತಿರುತ್ತಾನೆ. ಬಕೆಟ್ಟಿನ ಸದ್ದು, "ಇಲ್ಲಿಗೆ ಸಾರು" ಎನ್ನುವ ಕೂಗು, ನಡುನಡುವೆ ನೆಂಟರನ್ನು ಹೆಸರು ಹಿಡಿದು ಊಟಕ್ಕೆ ಕರೆಯುವ ಇನ್ನೊಂದು ಮೈಕು. ಅವ್ವ ಎರಡನೇ ಪಂಕ್ತಿಯಲ್ಲಿ ಕೂತಳು. ಸಿಕ್ಕ ಜಾಗ ಎಂಥದ್ದು ಅಂದರೆ ಬೆನ್ನು ಸರಿಯಾಗಿ ಸ್ಟೇಜಿಗೆ. ಎಲೆಯ ಮುಂದೆ ಕೂತ ಮೇಲೆ ಎದ್ದು ಜಾಗ ಬದಲಿಸುವಂತಿಲ್ಲ. ನನಗೆ ಕಾಣುತ್ತಿದ್ದದ್ದು ಅವಳ ತುರುಬು ಮಾತ್ರ.

ಪುಟ್ಟಸ್ವಾಮಣ್ಣ ಒಂದು ಹಳೆಯ ಹಾಡು ಎತ್ತಿಕೊಂಡರು. ನಾನು ಮುನೀರಣ್ಣನಿಗೆ ಕೊಟ್ಟ ಮಾತಿನಂತೆ ಎಲ್ಲರಿಗಿಂತ ಕೆಳಗೆ, ಇದ್ದೂ ಇಲ್ಲದವನ ಹಾಗೆ ಬಾರಿಸಿದೆ. ಪಲ್ಲವಿ ಮುಗಿಯಿತು. ಬರಿಗಾಲೆತ್ತಿ ತುಳಿದೆ. ಬೆನ್ನು ಅಭ್ಯಾಸಬಲದಿಂದ ಬಗ್ಗಲು ಹೊರಟಿತ್ತು, ತಡೆದು ನೆಟ್ಟಗೆ ನಿಂತೆ.

ಆಮೇಲೆ ಬಂತು ನೋಡಿ ಗಿಟಾರು. ಶಾಮಿಯಾನದ ಈ ತುದಿಯಿಂದ ಆ ತುದಿಯವರೆಗೆ, ಬಕೆಟ್ಟುಗಳ ಮೇಲಿನಿಂದ, ಆ ಇನ್ನೊಂದು ಮೈಕಿನ ಮೇಲಿನಿಂದ, ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಹೋಯಿತು. ಹದಿನೈದು ವರ್ಷ ನಾನು ಬಾರಿಸಿದ್ದೇನು ಅನ್ನುವುದು ಸ್ಪೀಕರಿನಿಂದ ನನಗೇ ಮೊದಲ ಸಲ ಕೇಳಿಸಿತು. ಸಾರು ಬಡಿಸುತ್ತಿದ್ದವನು ಸೌಟು ಎತ್ತಿ ಹಿಡಿದು ಹಾಗೆಯೇ ನಿಂತ. ಕುರ್ಚಿ ಹಿಡಿದು ನಿಂತವರು ಕುರ್ಚಿ ಬಿಟ್ಟು ಸ್ಟೇಜಿನ ಕಡೆ ತಿರುಗಿದರು. ಬೀಗರೂಟದಲ್ಲಿ ಕುರ್ಚಿ ಬಿಡುವುದೆಂದರೆ ಸಾಮಾನ್ಯ ಸಂಗತಿಯಲ್ಲ. ಮುನೀರಣ್ಣ ಎರಡೂ ಕೈಗಳನ್ನು ಮಿಕ್ಸರಿನಿಂದ ದೂರ ಎತ್ತಿ ನನಗೆ ತೋರಿಸಿದರು. ನಾಲ್ಕು ಸಾಲು ಮುಗಿಯುತ್ತಿದ್ದಂತೆ ಚರಣ ಎತ್ತಿಕೊಳ್ಳಬೇಕಾದ ಪುಟ್ಟಸ್ವಾಮಣ್ಣ ಮೈಕು ಕೆಳಗಿಳಿಸಿ, ಬೆರಳು ತಿರುಗಿಸಿ, ಇನ್ನೊಂದು ಸಲ ಅಂತ ಸನ್ನೆ ಮಾಡಿದರು. ಇನ್ನೊಂದು ಸಲ ಬಾರಿಸಿದೆ. ಅದರ ಮೇಲೂ ಇನ್ನೊಂದು ಸಲ. ಮೂರನೆಯ ಸಲ ಖುಷಿಯ ಭರದಲ್ಲಿ, ಮೇಲಿನ ಸ್ವರದಿಂದ ಇಳಿಯುವಾಗ ಕಿರುಬೆರಳು ಜಾರಿ ಒಂದು ಸ್ವರ ಹಾರಿಹೋಯಿತು. ಅದಿರಲಿ, ಯಾರಿಗೆ ತಿಳಿಯುತ್ತದೆ. ಚಪ್ಪಾಳೆ ಬಿತ್ತು. ಎಂಜಲು ಕೈಯವರು ಎಡಗೈಯಲ್ಲಿ ಮೇಜು ಕುಟ್ಟಿದರು.

ಅವ್ವನ ತುರುಬು ಮಾತ್ರ ಅಲ್ಲಾಡಲಿಲ್ಲ. ತಲೆ ತಗ್ಗಿಸಿ ಊಟ ಮಾಡುತ್ತಲೇ ಇದ್ದಳು.

ಊಟ ಮುಗಿಸಿ, ಕೈ ತೊಳೆದು, ಎಲೆ ಅಡಿಕೆ ಹಿಡಿದುಕೊಂಡು ಅವಳು ಸ್ಟೇಜಿನ ಪಕ್ಕಕ್ಕೆ ಬಂದಾಗ ನಾವು ಹಾಡುಗಳ ನಡುವೆ ನೀರು ಕುಡಿಯುತ್ತಿದ್ದೆವು. ನಾನು ಬಗ್ಗಿ ಅವಳ ಮುಖ ನೋಡಿದೆ.

"ಇವತ್ತು ಕೇಳುಸ್ತು ಮಗಾ."

ನನಗೆ ನಂಬಿಕೆ ಬರಲಿಲ್ಲ. ಈ ಮಾತನ್ನು ಅವಳು ಹಿಂದೆಯೂ ಹೇಳಿದ್ದಳು, ನನ್ನ ಸಮಾಧಾನಕ್ಕೆ.

"ಯಾವ್ದು ಕೇಳುಸ್ತವ್ವ? ಕೊಳಲಾ?"

"ಕೊಳಲ್ಯಾಕ್ಲಾ?" ಎಂದವಳು, ಅಡಿಕೆ ಒಂದು ದವಡೆಗೆ ಒತ್ತರಿಸಿಕೊಂಡು ನನ್ನ ಸೋಲೋ ಗುನುಗಿದಳು. ಶ್ರುತಿ ಎಲ್ಲೋ, ರಾಗ ಎಲ್ಲೋ. ಆದರೆ ಅದು ನನ್ನದೇ. ಮೊದಲು ಎರಡು ಹೆಜ್ಜೆ ಮೇಲೆ, ಒಂದು ನಿಲುಗಡೆ, ಆಮೇಲೆ ಸರಸರ ಇಳಿಯುವುದು. ಗುನುಗುತ್ತಾ ಗುನುಗುತ್ತಾ ಅವಳ ಹುಬ್ಬು ಗಂಟಾಯಿತು. ಸುತ್ತ ಯಾರೂ ಕೇಳಿಸಿಕೊಳ್ಳಬಾರದು ಎನ್ನುವ ಹಾಗೆ ಸ್ಟೇಜಿನ ಅಂಚಿಗೆ ಬಂದು, ದನಿ ತಗ್ಗಿಸಿ ಕೇಳಿದಳು.

"ಮೂರ್ನೇ ಸಲ ಇಳ್ಯೋವಾಗ ಒಂದು ಹೊಲ್ಗೆ ಬುಟ್ಟೋಯ್ತಲ್ಲ, ಯಾಕ್ಲಾ?"

ಹದಿನೈದು ವರ್ಷದಲ್ಲಿ ನಾನು ಮಾಡಿದ ತಪ್ಪುಗಳಿಗೆ ಲೆಕ್ಕವಿಲ್ಲ. ಒಂದನ್ನೂ ಒಬ್ಬರೂ ಹಿಡಿದಿರಲಿಲ್ಲ, ಯಾಕೆಂದರೆ ಯಾರಿಗೂ ನಾನು ಕೇಳಿಸಿರಲಿಲ್ಲ. ನನಗೆ ನಗು ಬಂತು, ಅದರ ಜೊತೆಗೆ ಕಣ್ಣೂ ತುಂಬಿತು. ಸ್ಟೇಜಿನ ಮೇಲಿಂದ, ಮೂರನೇ ಪಂಕ್ತಿಯವರಿಗೆಲ್ಲ ಕೇಳುವ ಹಾಗೆ ಹೇಳಿದೆ:

"ಹೂಂ ಕಣವ್ವ, ತಪ್ದೆ. ನಾನೇ ತಪ್ದೆ."

ಅವ್ವ ಅಕ್ಕಪಕ್ಕ ನೋಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಮೆಲ್ಲುಕ್ ಹೇಳ್ಲಾ, ಜನ ಕೇಳುಸ್ಕೋತಾರೆ" ಎಂದಳು.